ಅಳಿಸಿದ ಮೇಲೂ ಉಳಿದ ಮುಖ

ಸುದ್ದಿ ಬರೆದವರ ಹೆಸರು ಸುದ್ದಿಯ ಕೆಳಗೆ ಇರುತ್ತದೆ. ಆ ಸುದ್ದಿ ತಪ್ಪಾದಾಗ ಅದನ್ನು ಅಳಿಸುವವರ ಹೆಸರು ಎಲ್ಲಿಯೂ ಇರುವುದಿಲ್ಲ. ಇದು ಅಂಥ ಒಬ್ಬ ಹೆಂಗಸಿನ ಕಥೆ.

ಸುದ್ದಿತಾಣವೊಂದರ ಕಚೇರಿ, ನಾಲ್ಕನೇ ಮಹಡಿ. ಮುಂದಿನ ಹಾಲ್‌ನಲ್ಲಿ ವರದಿಗಾರರು, ಉಪಸಂಪಾದಕರು. ಗೋಡೆಯ ಮೇಲೆ ದೊಡ್ಡ ಪರದೆ. ಯಾವ ಸುದ್ದಿಯನ್ನು ಈ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂಬ ಅಂಕಿ ಅದರಲ್ಲಿ ಏರುತ್ತ ಇಳಿಯುತ್ತ ಇರುತ್ತದೆ, ಹಾಲ್‌ನವರ ಮುಖವೂ ಅದರ ಜೊತೆಗೇ ಏರುತ್ತ ಇಳಿಯುತ್ತ ಇರುತ್ತದೆ. ಹಿಂದುಗಡೆ, ಶೌಚಾಲಯ ದಾಟಿದ ಮೇಲೆ, ಕಿಟಕಿಯಿಲ್ಲದ ಒಂದು ಕೋಣೆ. ಮೊದಲು ಅಲ್ಲಿ ಕಚೇರಿಯ ದೊಡ್ಡ ಯಂತ್ರಗಳಿದ್ದವು. ಯಂತ್ರಗಳನ್ನು ಬೇರೆಲ್ಲಿಗೋ ಸಾಗಿಸಿದರು, ಅವುಗಳಿಗೆಂದು ಹಾಕಿಸಿದ್ದ ಏಸಿಯನ್ನು ಬಿಟ್ಟರು. ಅದರ ರಿಮೋಟ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಯಂತ್ರಗಳಿಗೆ ಹಿತವಾಗಿದ್ದ ಆ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಅವಳೊಬ್ಬಳೇ ಕೂರುತ್ತಿದ್ದಳು.

ಅವಳ ಕೆಲಸವನ್ನು ಹೇಳುವುದು ಕಷ್ಟವೇನಲ್ಲ. ಸುದ್ದಿಯ ಪುಟವೊಂದು ಕಚೇರಿಯ ಯಂತ್ರದಲ್ಲಿ ಮಾತ್ರ ಇದ್ದರೆ ದೂರದವರಿಗೆ ತಲುಪುವಾಗ ತಡವಾಗುತ್ತದೆ. ಹಾಗಾಗಿ ಊರೂರಿನಲ್ಲೂ ಬಾಡಿಗೆ ಯಂತ್ರಗಳ ಗೋದಾಮುಗಳಿರುತ್ತವೆ. ಅವುಗಳ ಜಾಲಕ್ಕೆ ಸಿಡಿಎನ್ ಎನ್ನುತ್ತಾರೆ. ಪುಟದ ಒಂದೊಂದು ನಕಲು ಅಲ್ಲಿ ಕೂತಿರುತ್ತದೆ, ಕೇಳಿದವರಿಗೆ ಹತ್ತಿರದ ಗೋದಾಮು ಅದನ್ನು ಕೊಟ್ಟು ಕಳಿಸುತ್ತದೆ. ಸಂಪಾದಕರು ಪುಟ ತಿದ್ದಿದರೆ ಮೂಲ ತಿದ್ದಿದ ಹಾಗಾಯಿತು, ಅಷ್ಟೇ. ಗೋದಾಮುಗಳಿಗೆ ‘ನಿಮ್ಮ ಹತ್ತಿರ ಇರುವುದು ಹಳಸಿದೆ, ಎಸೆಯಿರಿ’ ಎಂದು ಹೇಳಬೇಕು. ಹೇಳುವುದು ಅವಳು. ಹೇಳಿದ ಮೇಲೆ ಎಸೆದಿದ್ದಾರೋ ಇಲ್ಲವೋ ಎಂದು ನೋಡುವುದೂ ಅವಳೇ. ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಬರೆದು, ಒಂದೊಂದು ಊರಿನ ಗೋದಾಮನ್ನೂ ಬಾಗಿಲು ತಟ್ಟಿ ಕೇಳಿದ ಹಾಗೆ ಕೇಳುತ್ತಿದ್ದಳು. ‘ಹಿಟ್’ ಎಂದು ಉತ್ತರ ಬಂದರೆ ಹಳೆಯ ನಕಲು ಇನ್ನೂ ಅಲ್ಲಿಯೇ ಇದೆ. ‘ಮಿಸ್’ ಎಂದು ಬಂದರೆ ನಕಲು ಹೋಗಿದೆ, ಮೂಲದಿಂದ ಹೊಸದು ಬಂದಿದೆ. ದಿನವಿಡೀ ಅವಳು ಕಾಯುತ್ತಿದ್ದದ್ದು ‘ಇಲ್ಲ’ ಎನ್ನುವ ಉತ್ತರಕ್ಕೆ.

ಹಾಲ್‌ನವರು ಅವಳಿಗೆ ಇಟ್ಟ ಹೆಸರು ಒರಸುಬಟ್ಟೆ. ಬೆನ್ನ ಹಿಂದೆ ಅಲ್ಲ, ಎದುರಿಗೇ.

“ಒರಸುಬಟ್ಟೆ ಮೇಡಂ, ಇಲ್ಲಿ ಸ್ವಲ್ಪ ಚೆಲ್ಲಿದೆ, ಬರ್ತೀರಾ?”

ಅವಳು ನಗುತ್ತಿದ್ದಳು. ನಗದಿದ್ದರೆ ಆ ಒಂದು ಮಾತೂ ನಿಂತುಹೋದೀತು ಎಂಬ ಭಯ ಇತ್ತೇನೋ.

ಮನೆಯೆಂದರೆ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆ. ಅಪ್ಪ ಹಾಸಿಗೆ ಹಿಡಿದಿದ್ದಷ್ಟು ವರ್ಷವೂ ನೋಡಿಕೊಂಡವಳು ಅವಳು. ಅಪ್ಪ ಹೋದಾಗ ಅಕ್ಕನಿಗೆ ಒಂದು ಸಂಸಾರ ಇತ್ತು, ತಮ್ಮನಿಗೆ ಒಂದು ಸಂಸಾರ ಇತ್ತು, ಇವಳಿಗೆ ಅಪ್ಪನ ಔಷಧಿ ಡಬ್ಬಿ ಇತ್ತು. ತಮ್ಮ ಹಬ್ಬಕ್ಕೊಮ್ಮೆ ಒಂದು ಚಿತ್ರ ಕಳಿಸುತ್ತಾನೆ, ಎಲ್ಲರಿಗೂ ಕಳಿಸಿದ್ದನ್ನೇ. ಅಕ್ಕ ಮಾತ್ರ ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ.

“ದಿನಾ ಅಲ್ಲಿ ಏನೇ ಮಾಡ್ತೀಯ?”

“ಹಳೇದು ಹೋಗಿದೆಯಾ ಇಲ್ವಾ ಅಂತ ನೋಡ್ತೀನಿ ಕಣೇ.”

“ಅದಕ್ಕೂ ಸಂಬಳ ಕೊಡ್ತಾರಾ? ನಮ್ಮನೆಗೆ ಬಾ. ನಿಮ್ಮ ಭಾವ ಒಂದು ಮುರಿದ ಕೊಡೇನೂ ಎಸೆದಿಲ್ಲ.”

ಒಂದು ಸೋಮವಾರ ಬೆಳಿಗ್ಗೆ ತಾಣದಲ್ಲಿ ಒಂದು ಸುದ್ದಿ ಬಂತು. ಡೂಪ್ಲಿಕೇಟ್ ಕೀ ಮಾಡಿಸಿಕೊಂಡು ಮನೆಗಳಿಗೆ ನುಗ್ಗುತ್ತಿದ್ದ ಕಳ್ಳನೊಬ್ಬ ಸಿಕ್ಕಿಬಿದ್ದಿದ್ದ. ಕಳ್ಳನ ಫೋಟೋ ಪೊಲೀಸರು ಕೊಟ್ಟಿರಲಿಲ್ಲ. ಫೋಟೋ ಇಲ್ಲದ ಸುದ್ದಿಯನ್ನು ಯಾರು ಒತ್ತುತ್ತಾರೆ? ಡೆಸ್ಕಿನ ಹುಡುಗಿ ಹಳೆಯ ಚಿತ್ರಗಳ ಕಪಾಟಿನಲ್ಲಿ ‘ಕೀ’ ಎಂದು ಹುಡುಕಿದಳು. ಬೀದಿ ಬದಿಯ ಕಸುಬುಗಳ ಬಗ್ಗೆ ಎಂದೋ ಬಂದಿದ್ದ ಲೇಖನದ ಚಿತ್ರವೊಂದು ಸಿಕ್ಕಿತು. ಮೆಟ್ಟಿಲಿನ ಕೆಳಗೆ ಕೂತು, ಕೈಯಲ್ಲಿ ಅರ ಹಿಡಿದು, ಕ್ಯಾಮೆರಾ ನೋಡಿ ನಗುತ್ತಿದ್ದ ಒಬ್ಬ ಬೀಗ ರಿಪೇರಿಯವನು. ಅದನ್ನೇ ತಂದು ‘ಡೂಪ್ಲಿಕೇಟ್ ಕೀ ಕಳ್ಳ ಕೊನೆಗೂ ಬಲೆಗೆ’ ಎಂಬ ತಲೆಬರಹದ ಕೆಳಗೆ ಅಂಟಿಸಿದಳು. ಆ ನಗು ಆ ತಲೆಬರಹದ ಕೆಳಗೆ ಹೇಗೆ ಕಂಡಿರಬೇಕು, ನೀವೇ ಯೋಚಿಸಿ.

ಮಧ್ಯಾಹ್ನದ ಹೊತ್ತಿಗೆ ಯಾರೋ ಗಮನಿಸಿದರು. ಮುಖ ತೆಗೆದು ಒಂದು ಬೀಗದ ಚಿತ್ರ ಹಾಕಿದರು. ಒರಸುಬಟ್ಟೆಗೆ ಸಂದೇಶ ಬಂತು. ಅವಳು ಪುಟದ ವಿಳಾಸ ಬರೆದು ಗೋದಾಮುಗಳಿಗೆ ಎಸೆಯಲು ಹೇಳಿದಳು. ‘ಪೂರ್ಣ’ ಎಂದು ಉತ್ತರ ಬಂತು. ಅಷ್ಟಕ್ಕೇ ನಂಬುವವಳಲ್ಲ. ಊರೂರಿನ ಗೋದಾಮಿನ ಬಾಗಿಲು ತಟ್ಟಿದಳು. ಮಿಸ್, ಮಿಸ್, ಮಿಸ್. ‘ಕ್ಲಿಯರ್’ ಎಂದು ಹಾಲ್‌ಗೆ ಬರೆದು ಊಟದ ಡಬ್ಬಿ ತೆರೆದಳು.

ಅವಳ ಮೇಜಿನ ಮೇಲಿನ ಫೋನ್ ಮೊಳಗುವುದು ಅಪರೂಪ. ಅಂದು ಮೊಳಗಿತು. ಸ್ವಾಗತದ ಮೇಜಿನವಳಿಗೆ ಒಂದು ಅಭ್ಯಾಸವಿತ್ತು, ‘ತೆಗೀರಿ’ ಎಂದು ಯಾರು ಬೇಡಿಕೊಂಡರೂ ಕರೆಯನ್ನು ಈ ಕೋಣೆಗೆ ತಳ್ಳುವುದು. ತೆಗೆಯುವ ಅಧಿಕಾರ ಇವಳಿಗೆ ಇರಲಿಲ್ಲ. ಸಂಪಾದಕರ ಹತ್ತಿರ ಇತ್ತು. ಆದರೆ ಬೈಗುಳ ತಿನ್ನಲು ಅಧಿಕಾರ ಬೇಕಾಗುವುದಿಲ್ಲವಲ್ಲ.

“ಅಮ್ಮ, ನಾನು ಬೀಗದವನು. ನಿಮ್ಮಲ್ಲಿ ನನ್ನ ಫೋಟೋ ಹಾಕಿದೀರ.”

“ತೆಗೆದಾಯ್ತಣ್ಣ. ಮಧ್ಯಾಹ್ನವೇ ತೆಗೆದಿದೀವಿ.”

“ತೆಗೆದ್ರಾ? ಸರಿ ಅಮ್ಮ, ಸರಿ. ಒಳ್ಳೇದಾಗ್ಲಿ.”

ಸಂಜೆ ಮತ್ತೆ ಫೋನ್.

“ಇನ್ನೂ ಇದೆಯಂತಲ್ಲ ಅಮ್ಮ.”

ಅವಳು ಇನ್ನೊಮ್ಮೆ ಕಮಾಂಡ್ ಬರೆದು ನೋಡಿದಳು. ಹೊಸ ಪುಟ, ಬೀಗದ ಚಿತ್ರ. “ಇಲ್ಲಣ್ಣ. ಜನರ ಫೋನಲ್ಲಿ ಹಳೇದು ಉಳಿದಿರುತ್ತೆ. ಮುಚ್ಚಿ ತೆಗೆಯೋಕೆ ಹೇಳಿ, ಹೋಗುತ್ತೆ.”

ಮಂಗಳವಾರವೂ ಬಂತು ಫೋನ್. ಅಂದು ಅವಳ ದನಿಯಲ್ಲಿ ಸಿಡುಕಿತ್ತು.

“ನೋಡಿ ಅಣ್ಣ, ನಮ್ಮ ಕಡೆ ಇಲ್ಲವೇ ಇಲ್ಲ. ನಾನು ಕಣ್ಣಾರೆ ನೋಡ್ತಿದೀನಿ. ಜನರ ಫೋನಿಗೆಲ್ಲ ನಾವು ಜವಾಬ್ದಾರರಾಗೋಕಾಗುತ್ತಾ?”

ಅವನು ಮೆಲ್ಲಗೆ ಹೇಳಿದ. “ಈ ಬೀದೀಲಿ ಎಷ್ಟೋ ಮನೆಯ ಇನ್ನೊಂದು ಕೀ ನನ್ನ ಹತ್ರಾನೇ ಇರುತ್ತೆ ಅಮ್ಮ. ಒಳಗೆ ಬಿಟ್ಟು ಬಾಗಿಲು ಹಾಕ್ಕೊಂಡ್ರೆ, ಕಳ್ಕೊಂಡ್ರೆ, ನನ್ನ ಹತ್ರ ಬಂದು ಇಸ್ಕೊಳ್ತಾರೆ. ಗೋಡೇಲಿ ಮೊಳೆ ಹೊಡೆದು ನೇತು ಹಾಕಿದೀನಿ. ನಿನ್ನೆಯಿಂದ ಒಬ್ಬೊಬ್ಬರೇ ಬಂದು ವಾಪಸ್ ತಗೊಂಡು ಹೋಗ್ತಿದಾರೆ. ಬೈಯಲ್ಲ, ಏನೂ ಅನ್ನಲ್ಲ. ‘ನೆಂಟರು ಬಂದಿದಾರೆ, ಕೀ ಬೇಕಿತ್ತು’ ಅಂತಾರೆ. ಎಲ್ಲರ ಮನೆಗೂ ಒಂದೇ ದಿನ ನೆಂಟರು ಬರ್ತಾರಾ ಅಮ್ಮ?”

ಫೋನ್ ಇಟ್ಟು ಅವಳು ಅದೇ ಕಮಾಂಡನ್ನು ಮತ್ತೆ ಬರೆದು ನೋಡಿದಳು. ಅದೇ ಬೀಗದ ಚಿತ್ರ.

ಬುಧವಾರದ ಕರೆಯಲ್ಲಿ ಅವನು ಹೇಳಿದ ಒಂದು ಮಾತು ಅವಳನ್ನು ಕುರ್ಚಿಯಿಂದ ಎಬ್ಬಿಸಿತು. ಮೊಬೈಲ್ ಅಂಗಡಿಯವನು ಆಗತಾನೇ ಡಬ್ಬಿ ಒಡೆದ ಹೊಸ ಫೋನಿನಲ್ಲಿ ಬೀದಿಯವರ ಮೆಸೇಜ್ ಗುಂಪಿಗೆ ಸೇರಿ, ಅಲ್ಲಿ ಬಂದಿದ್ದ ಲಿಂಕ್ ಒತ್ತಿದನಂತೆ. ಅದರಲ್ಲೂ ಇವನ ಮುಖವೇ ಬಂತಂತೆ.

ಹೊಸ ಫೋನಿನಲ್ಲಿ ಹಳೆಯದು ಉಳಿದಿರುವುದು ಹೇಗೆ? ಅದು ಹೊರಗಿನಿಂದಲೇ ಬಂದಿರಬೇಕು. ಯಾವುದೋ ಗೋದಾಮು ಸುಳ್ಳು ಹೇಳುತ್ತಿದೆ. ಇಲ್ಲವೇ ತಾನು ಕೇಳಿದ್ದೇ ತಪ್ಪು.

“ಅಣ್ಣ, ಆ ಲಿಂಕ್ ನನಗೆ ಕಳಿಸ್ತೀರಾ?”

“ನಂದು ಗುಂಡಿ ಒತ್ತೋ ಫೋನಮ್ಮ. ಮಾತಾಡೋಕೆ ಮಾತ್ರ. ನನ್ನ ಮುಖ ನಾನು ನೋಡಿದ್ದು ಪಕ್ಕದವರ ಕೈಲೇ.”

ಅವನು ಕೂರುವ ಜಾಗ ಎಲ್ಲಿ ಎಂದು ಕೇಳಿ ಬರೆದುಕೊಂಡು, ಊಟದ ಬಿಡುವಿನಲ್ಲಿ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಯಾರಿಗೂ ಬೇಕಿರಲಿಲ್ಲ.

ಮೆಟ್ಟಿಲಿನ ಕೆಳಗಿನ ಮೂಲೆ, ತಲೆ ಎತ್ತಿದರೆ ಸಿಮೆಂಟು. ಅರಗಳು, ಸಣ್ಣ ಹಿಡಿಗರಗಸ, ಹಲ್ಲು ಕೊರೆಯದ ಹಿತ್ತಾಳೆ ಕೀಗಳ ಗೊಂಚಲು. ಗೋಡೆಯಲ್ಲಿ ಸಾಲು ಮೊಳೆಗಳು, ಪ್ರತಿ ಮೊಳೆಯ ಕೆಳಗೂ ಕೀ ತೂಗಿ ತೂಗಿ ಸುಣ್ಣದ ಮೇಲೆ ಬಿದ್ದಿರುವ ಅರ್ಧಚಂದ್ರದ ಗೀರು. ಮೊಳೆಗಳು ಬಹುಪಾಲು ಖಾಲಿ. ಬೀಗದವನು ಚಿತ್ರದಲ್ಲಿ ಇದ್ದದ್ದಕ್ಕಿಂತ ಸಣಕಲಾಗಿದ್ದ. ನಗುತ್ತಿರಲಿಲ್ಲ, ಹಾಗಾಗಿ ಅವಳಿಗೆ ಮೊದಲು ಗುರುತೇ ಸಿಗಲಿಲ್ಲ. ಪಕ್ಕದಲ್ಲಿ ಇಸ್ತ್ರಿಯವಳ ಗೂಡಂಗಡಿ.

“ಆಫೀಸಿಂದ ಬಂದಿದಾರೆ,” ಎಂದ ಬೀಗದವನು.

ಇಸ್ತ್ರಿಯವಳು ಇವಳನ್ನು ಮೇಲಿಂದ ಕೆಳಗೆ ನೋಡಿದಳು. “ಈಗ ಬಂದ್ರಾ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದ ಹಾಗಾಯ್ತು.”

“ನಿಮ್ಮ ಫೋನಲ್ಲಿ ಒಂದ್ಸಲ ತೋರಿಸ್ತೀರಾ ಅಕ್ಕ?”

ಇಸ್ತ್ರಿಯವಳು ಕೈ ಒರೆಸಿಕೊಂಡು ಬೀದಿಯ ಗುಂಪು ತೆರೆದು ಲಿಂಕ್ ಒತ್ತಿದಳು. ಬಂತು ಮುಖ. ತಲೆಬರಹ, ಅರ, ನಗು, ಎಲ್ಲವೂ ಸೋಮವಾರ ಬೆಳಿಗ್ಗೆ ಇದ್ದ ಹಾಗೇ.

ಅವಳು ಪರದೆಯ ನೆತ್ತಿಯ ಮೇಲಿನ ವಿಳಾಸವನ್ನು ಬೆರಳಿನಿಂದ ಎಳೆದು ನೋಡಿದಳು. ತನಗೆ ಬಾಯಿಪಾಠವಾಗಿದ್ದ ವಿಳಾಸ ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಹಿಂದೆ ಉದ್ದವಾದ ಬಾಲ. ಸುದ್ದಿಯನ್ನು ಯಾರಾದರೂ ಇನ್ನೊಬ್ಬರಿಗೆ ಹಂಚಿದಾಗ, ಯಾವ ದಾರಿಯಿಂದ ಓದುಗರು ಬಂದರು ಎಂದು ಗೋಡೆಯ ಮೇಲಿನ ಅಂಕಿಗೆ ಲೆಕ್ಕ ಸಿಗಲೆಂದು ಕಚೇರಿಯೇ ಅಂಟಿಸುವ ಬಾಲ ಅದು. ಗೋದಾಮಿಗೆ ಬಾಲವಿಲ್ಲದ ವಿಳಾಸವೇ ಬೇರೆ, ಬಾಲವಿರುವುದೇ ಬೇರೆ. ಎರಡಕ್ಕೂ ಬೇರೆ ಬೇರೆ ನಕಲು. ಅವಳು ಎಸೆಯಲು ಹೇಳಿದ್ದು ಬಾಲವಿಲ್ಲದ್ದನ್ನು ಮಾತ್ರ. ಪರೀಕ್ಷೆ ಮಾಡಿದ್ದೂ ಅದನ್ನೇ.

ಅವಳ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಈ ಲೋಕದಲ್ಲಿ ವಿಳಾಸವನ್ನು ಪೂರ್ತಿಯಾಗಿ, ಚೊಕ್ಕವಾಗಿ ಕೈಯಲ್ಲಿ ಬರೆಯುವವರು ಅವಳಂಥವರಷ್ಟೇ. ಉಳಿದವರೆಲ್ಲ ಯಾರೋ ಕಳಿಸಿದ್ದನ್ನು ಒತ್ತುತ್ತಾರೆ. ಬೀಗದವನ ಬೀದಿಯಲ್ಲಿ ಬಾಲವಿಲ್ಲದ ವಿಳಾಸವನ್ನು ಕಂಡವರು ಒಬ್ಬರೂ ಇರಲಿಲ್ಲ. ನಾಲ್ಕನೇ ಮಹಡಿಯಲ್ಲಿ ಅವನು ಮಧ್ಯಾಹ್ನವೇ ನಿರಪರಾಧಿಯಾಗಿದ್ದ. ಅವನು ಬದುಕುವ ಬೀದಿಯಲ್ಲಿ ಇನ್ನೂ ಕಳ್ಳನೇ. ಅವಳು ಎರಡು ದಿನ ಅವನಿಗೆ ಹೇಳಿದ್ದು ‘ನಾನು ಕಣ್ಣಾರೆ ನೋಡ್ತಿದೀನಿ’ ಎಂದು!

ಗಿರಾಕಿ ಕೂರುವ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೊಡೆಯ ಮೇಲೆ ತೆರೆದಳು. ವಿಳಾಸ ಬರೆದು ಕೊನೆಗೆ ಒಂದು ನಕ್ಷತ್ರ ಚಿಹ್ನೆ ಹಾಕಿದಳು. ‘ಇದರಿಂದ ಶುರುವಾಗುವುದು ಏನೇ ಇರಲಿ, ಎಲ್ಲ ಎಸೆಯಿರಿ’ ಎಂದು ಅದರ ಅರ್ಥ. ನಕ್ಷತ್ರ ಹಾಕಿದರೆ ಮೂಲ ಯಂತ್ರಕ್ಕೆ ಹೊರೆ ಎಂದು ಮೇಲಿನವರು ಅದನ್ನು ನಿಷೇಧಿಸಿದ್ದರು. ಒತ್ತಿದಳು.

“ಏನಮ್ಮ ಅದು, ಬರೀ ಕಪ್ಪಗಿದೆ?” ಎಂದ ಬೀಗದವನು, ಬಗ್ಗಿ ನೋಡುತ್ತ.

“ಹೋಗಿದೆಯಾ ಅಂತ ಕೇಳ್ತಿದೀನಿ.”

“ಯಾರನ್ನ?”

“ನಿಮ್ಮ ಫೋಟೋ ಇಟ್ಕೊಂಡಿರೋರನ್ನ.”

‘ನಡೆಯುತ್ತಿದೆ’ ಎಂದಿತು ಪರದೆ. ಮತ್ತೆ ಕೇಳಿದಳು. ‘ನಡೆಯುತ್ತಿದೆ.’ ಇಸ್ತ್ರಿಯವಳು ಎರಡು ಅಂಗಿ ಮಡಿಸಿದಳು. ಕೊನೆಗೆ ‘ಪೂರ್ಣ’. ಈ ಸಲ ಅವಳು ಬಾಲದ ಸಮೇತ ಬರೆದು ಬಾಗಿಲು ತಟ್ಟಿದಳು. ಮಿಸ್.

“ಅಕ್ಕ, ಈಗ ಒತ್ತಿ.”

ಇಸ್ತ್ರಿಯವಳು ಒತ್ತಿದಳು. ಬೀಗದ ಚಿತ್ರ ಬಂತು. ಒಂದು ಕ್ಷಣ ಬೀಗದವನ ಮುಖದಲ್ಲಿ, ಆ ಹಳೆಯ ಚಿತ್ರದ ನಗುವಿಗೆ ದೂರದ ಸಂಬಂಧಿಯಂಥದ್ದು ಏನೋ ಸುಳಿಯಿತು. ಅಷ್ಟರಲ್ಲಿ ಇಸ್ತ್ರಿಯವಳು ಫೋನಿನಲ್ಲಿ ಹಿಂದಕ್ಕೆ ಹೋಗಿ ಗುಂಪನ್ನು ತೋರಿಸಿದಳು.

“ಒಳಗೆ ಹೋಯ್ತು. ಹೊರಗೆ ಇದೆಯಲ್ಲ?”

ಲಿಂಕ್‌ನ ಜೊತೆ ಗುಂಪಿಗೆ ಬಿದ್ದಿದ್ದ ಪುಟ್ಟ ಚಿತ್ರ, ಉಗುರಿನಷ್ಟು. ಅದರಲ್ಲೂ ಅವನೇ.

“ಅದು ನನ್ನ ಕೈಲಿಲ್ಲ,” ಎಂದಳು ಇವಳು. “ಕಳಿಸುವಾಗಲೇ ಅಂಟಿಕೊಂಡು ಬಂದಿರುತ್ತೆ. ಕಳಿಸಿದವರೇ ತೆಗೀಬೇಕು.”

“ಯಾರು ಕಳಿಸಿದ್ದು?” ಎಂದು ಕೇಳಿದ ಬೀಗದವನು.

ಇಸ್ತ್ರಿಯವಳು ಪೆಟ್ಟಿಗೆಯ ಬಿಸಿ ನೋಡುವವಳ ಹಾಗೆ ಆ ಕಡೆ ತಿರುಗಿದಳು. “ಎಲ್ಲರೂ ಕಳಿಸಿದ್ರು. ನಾನೂ ಕಳಿಸ್ದೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನಾವು. ನನಗೇನು ಗೊತ್ತಿತ್ತು?”

ಅವನು ಅವಳನ್ನು ಬೈಯಲಿಲ್ಲ. ಇವಳ ಕಡೆ ತಿರುಗಿ ಕೇಳಿದ್ದು ಇಷ್ಟೇ. “ಅಮ್ಮ, ತೆಗೆದದ್ದು ಜನಕ್ಕೆ ಕಾಣಲ್ಲ. ಇವನು ಅವನಲ್ಲ ಅಂತ ಒಂದು ಸಾಲು ಹಾಕಿಸ್ತೀರಾ? ಒಂದೇ ಸಾಲು.”

“ಕೇಳ್ತೀನಿ,” ಎಂದಳು.

ಕೇಳಿದಳು ಕೂಡ. ಅಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ ಸಂಪಾದಕರ ಗಾಜಿನ ಕೋಣೆಯೊಳಗೆ ಹೋದಳು. ಅವರಿಗೆ ಮೊದಲು ಇವಳು ಯಾರೆಂದೇ ಹೊಳೆಯಲಿಲ್ಲ. ‘ಒರಸುಬಟ್ಟೆ’ ಎಂದು ಇವಳೇ ಹೇಳಬೇಕಾಯಿತು.

“ತೆಗೆದಾಯ್ತಲ್ಲ ಮೇಡಂ, ಇನ್ನೇನು?”

“ಒಂದು ತಿದ್ದುಪಡಿ ಹಾಕಿದ್ರೆ ಸರ್...”

“ತಿದ್ದುಪಡಿ ಹಾಕಿದ್ರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ. ಅವನ ಒಳ್ಳೇದಕ್ಕೇ ಹೇಳ್ತಿರೋದು.”

“ಅವರ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದೆ ಸರ್.”

“ಹಾಗಾದ್ರೆ ತಿದ್ದುಪಡಿಯಿಂದ ಏನು ಪ್ರಯೋಜನ?” ಎಂದು ಅವರು ನಕ್ಕರು. ತಮ್ಮ ಜಾಣತನಕ್ಕೆ ತಾವೇ. “ಅಂದ ಹಾಗೆ ನಕ್ಷತ್ರ ಹಾಕಿದೀರಂತೆ. ಇನ್ನೊಂದ್ಸಲ ಹಾಕ್ಬೇಡಿ. ನಿಮ್ಮ ಕೆಲಸ ನೋಡ್ಕೊಳ್ಳಿ.”

ನೋಡಿದಿರಾ ನ್ಯಾಯ? ಗೊತ್ತಿಲ್ಲದವರಿಗಾಗಿ ಹಾಕಬಾರದು, ಗೊತ್ತಿದ್ದವರಿಗಾಗಿ ಹಾಕಬೇಕಾಗಿಲ್ಲ. ಒಬ್ಬನನ್ನು ಕಳ್ಳ ಎನ್ನಲು ದೊಡ್ಡ ಅಕ್ಷರ ಬೇಕು, ಮುಖ ಬೇಕು, ಎಲ್ಲರಿಗೂ ಹಂಚಲು ಬಾಲವೂ ಬೇಕು. ಅಲ್ಲ ಎನ್ನಲು ಒಂದು ಸಾಲಿಗೂ ಜಾಗವಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ಹಿರಿಯರು. ಇಲ್ಲಿ ಆನೆಯ ಮಾತು ಹಾಗಿರಲಿ, ಅಡಕೆಯಷ್ಟನ್ನು ವಾಪಸ್ ಕೊಡಲೂ ಯಾರೂ ತಯಾರಿಲ್ಲ. ಮೌನವಾಗಿ ಅಳಿಸುವುದನ್ನು ತಿದ್ದುವುದು ಎಂದು ಕರೆಯುವ ಈ ಕಸುಬಿಗೆ ನಾಚಿಕೆ ಎಂಬುದು ಇದ್ದರೆ ಅದೂ ಯಾವುದೋ ಗೋದಾಮಿನಲ್ಲಿ ಹಳಸುತ್ತ ಬಿದ್ದಿರಬೇಕು.

ಗುರುವಾರ ಅವಳು ರಜೆ ಹಾಕಿದಳು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೋದಳು. ಹೋಗುವ ದಾರಿಯಲ್ಲಿ ಏನು ಹೇಳಬೇಕೆಂದು ಬಸ್ಸಿನ ಕಿಟಕಿಗೆ ಒರಗಿ ಅಭ್ಯಾಸ ಮಾಡಿಕೊಂಡಳು. ಅಲ್ಲಿ ತಲುಪಿದ ಮೇಲೆ ಅಭ್ಯಾಸ ಮಾಡಿದ್ದು ಒಂದೂ ಬರಲಿಲ್ಲ.

“ಹಾಕಲ್ವಂತೆ ಅಣ್ಣ.”

“ಗೊತ್ತಿತ್ತು ಬಿಡಿ,” ಎಂದ ಅವನು. ಗೋಡೆಯಲ್ಲಿ ಈಗ ಒಂದೇ ಒಂದು ಕೀ ನೇತಾಡುತ್ತಿತ್ತು. ಅದರ ಮನೆಯವರು ಊರಲ್ಲಿ ಇರಲಿಲ್ಲ, ಅಷ್ಟೇ.

ಅವಳು ಚೀಲಕ್ಕೆ ಕೈ ಹಾಕಿ ತನ್ನ ಕೋಣೆಯ ಕೀ ತೆಗೆದು ಅವನ ಹಲಗೆಯ ಮೇಲಿಟ್ಟಳು.

“ಇದಕ್ಕೊಂದು ಡೂಪ್ಲಿಕೇಟ್ ಮಾಡ್ಕೊಡಿ.”

ಅವನು ಕೀ ಮುಟ್ಟಲಿಲ್ಲ. ಇಸ್ತ್ರಿಯವಳ ಹತ್ತಿರ ಬಟ್ಟೆ ಇಸಿದುಕೊಳ್ಳಲು ನಿಂತಿದ್ದ ಮುದುಕಿಯೊಬ್ಬಳು ಕತ್ತು ಚಾಚಿದಳು. “ಏನಮ್ಮ, ಇವನ ಹತ್ರಾನಾ? ನಿನಗೆ ವಿಷಯ ಗೊತ್ತಿಲ್ವಾ?”

“ಗೊತ್ತಿದೆ ಅಜ್ಜಿ,” ಎಂದಳು. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕೂತು ಗಟ್ಟಿಯಾಗಿ ಮಾತಾಡುವುದೇ ಮರೆತಿತ್ತು, ದನಿ ಒಡೆಯಿತು. ಆದರೂ ನಿಲ್ಲಿಸಲಿಲ್ಲ. “ಆ ಫೋಟೋ ಹಾಕಿದ ಆಫೀಸಿನವಳೇ ನಾನು. ಇವರು ಕಳ್ಳ ಅಲ್ಲ. ನಾವು ಯಾರದೋ ಸುದ್ದಿಗೆ ಇವರ ಮುಖ ಹಾಕಿದ್ವಿ. ಇವರು ಎರಡು ದಿನ ಹೇಳಿದ್ರೂ ನಾನು ನಂಬಲಿಲ್ಲ.”

ಮೊಬೈಲ್ ಅಂಗಡಿಯವನು ಹೊರಗೆ ಬಂದು ಫೋನ್ ಎತ್ತಿ ಹಿಡಿದಿದ್ದ. ವಿಡಿಯೋ ತೆಗೆದನಂತೆ, ಗುಂಪಿಗೂ ಹಾಕಿದನಂತೆ. ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ಕಳ್ಳ ಎನ್ನುವುದಕ್ಕಿರುವ ಕಾಲು, ಅಲ್ಲ ಎನ್ನುವುದಕ್ಕೆ ಇರುವುದಿಲ್ಲ.

ಮುದುಕಿ ‘ಹಾಗಾ’ ಎಂದಳು. ಬಟ್ಟೆ ಎತ್ತಿಕೊಂಡು ಹೋದಳು.

ಬೀಗದವನು ಕೀಯನ್ನು ಬೆಳಕಿಗೆ ಹಿಡಿದು ಹಲ್ಲು ನೋಡಿದ. ಹೊಸ ಹಿತ್ತಾಳೆ ತುಂಡೊಂದನ್ನು ಅದಕ್ಕೆ ಜೋಡಿಸಿ ಇಕ್ಕುಳದಲ್ಲಿ ಬಿಗಿದು ಅರ ಎಳೆಯತೊಡಗಿದ. ಹಿತ್ತಾಳೆಯ ಪುಡಿ ಅವನ ಮೊಣಕಾಲ ಮೇಲೆ ಉದುರಿತು. ಅವಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಎದುರಿಗೆ ಒಬ್ಬರು ಕೂತು ತನಗಾಗಿ ಏನನ್ನಾದರೂ ಮಾಡುವುದನ್ನು ಅವಳು ನೋಡಿ ಬಹಳ ಕಾಲವಾಗಿತ್ತು.

ಮುಗಿದ ಮೇಲೆ ಎರಡೂ ಕೀ ಅವಳ ಅಂಗೈಗೆ ಬಂದವು. ಹೊಸದು ಇನ್ನೂ ಬೆಚ್ಚಗಿತ್ತು. ಅದನ್ನು ಅವನ ಕಡೆ ಚಾಚಿದಳು.

“ಇದು ನಿಮ್ಮ ಹತ್ರಾನೇ ಇರಲಿ. ಮೊಳೆಗೆ ಹಾಕಿ.”

ಅವನು ಕೈ ಹಿಂದಕ್ಕೆ ಎಳೆದುಕೊಂಡ. “ಬೇಡಮ್ಮ.”

“ಯಾಕೆ? ಎಲ್ಲರದೂ ಇಟ್ಕೊಂಡಿದ್ರಲ್ಲ?”

“ಆಗ ಇಟ್ಕೊಂಡಿದ್ದೆ. ಆಗ ಯಾರ ಮನೇಲಿ ಏನು ಕಳೆದ್ರೂ ನನ್ನ ಹತ್ರ ಬಂದು ಹೇಳ್ಕೊಳ್ತಿದ್ರು. ಇನ್ಮೇಲೆ ಯಾರ ಮನೇಲಿ ಏನು ಕಳೆದ್ರೂ ನನ್ನನ್ನ ಬಂದು ಕೇಳ್ತಾರೆ. ನಿಮ್ಮ ಮನೇದೂ ಅಷ್ಟೇ. ನೀವು ಕೇಳಲ್ಲ, ಗೊತ್ತು. ನಿಮ್ಮ ಓನರ್ ಕೇಳ್ತಾರೆ.” ಅವನ ದನಿಯಲ್ಲಿ ಕೋಪ ಇರಲಿಲ್ಲ. “ಮನೆಯವರಲ್ಲಿ ಯಾರ ಹತ್ರಾದ್ರೂ ಕೊಟ್ಟಿಡಿ. ಅಕ್ಕ ತಂಗಿ ಇಲ್ವಾ?”

“ಅಕ್ಕ ದೂರ ಇದಾಳೆ.”

“ಪಕ್ಕದ ಮನೆ?”

ಪಕ್ಕದ ಬಾಗಿಲಿನವರು ಗಂಡ ಹೆಂಡತಿಯೋ, ಅಣ್ಣ ತಂಗಿಯೋ, ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಕೀಯನ್ನು ಅಂಗೈಯಲ್ಲಿ ತಿರುವಿದಳು. ಅವನಿಗೆ ಅರ್ಥವಾಯಿತು. ಅರ್ಥವಾದದ್ದನ್ನು ತೋರಿಸಿಕೊಳ್ಳದೆ ಅರದ ಪುಡಿ ಕೊಡವಿದ.

“ಹಾಗಾದ್ರೆ ಎರಡೂ ನೀವೇ ಇಟ್ಕೊಳ್ಳಿ. ಆದ್ರೆ ಒಂದೇ ಕಡೆ ಇಡ್ಬೇಡಿ, ಅದು ದಡ್ಡತನ. ಒಂದು ಚೀಲದಲ್ಲಿ, ಒಂದು ಜೇಬಲ್ಲಿ. ಒಂದು ಕಳೆದ್ರೂ ಇನ್ನೊಂದಿರುತ್ತೆ.”

ಅವಳು ಎದ್ದಳು. ಒಂದನ್ನು ಚೀಲಕ್ಕೆ ಹಾಕಿಕೊಂಡಳು. ಇನ್ನೊಂದನ್ನು, ಅವನು ನೋಡುತ್ತಿದ್ದಾನೆಂದು ತಿಳಿದು, ಜೇಬಿಗೆ ಇಳಿಸಿ ಮೇಲಿಂದ ಒಮ್ಮೆ ತಟ್ಟಿ ತೋರಿಸಿದಳು. ಅವನು ತಲೆಯಾಡಿಸಿದ. ಬಸ್ ನಿಲ್ದಾಣದ ಕಡೆ ನಡೆದಳು. ಹಿಂದೆ ಬೀಗದವನು ಕೆಲಸವಿಲ್ಲದ ಅರಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ಇಡುತ್ತಿದ್ದ.